ಗಂಧೋತ್ತಮಾ

ಅಮರಸಿಂಹನ ನಿಘಂಟನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಮದ್ಯಕ್ಕೆ ಎಷ್ಟು ಹೆಸರುಗಳುಂಟೆಂಬುದು ಚೆನ್ನಾಗಿ ನೆನಪಿರುವುದು. ಸುರಾ, ಹಾಲಾ, ಮದಿರಾ, ಕಾದಂಬರೀ ಎಂದು ಸಾಲಾಗಿ ಒಪ್ಪಿಸಿಕೊಂಡು ಹೋಗುವ ಹುಡುಗರಿಗೆ ಅರ್ಥದ ಕಡೆಗೆ ಗಮನವಿರುವುದಿಲ್ಲ. ಪಾಠ ಹೇಳುವ ಗುರುಗಳೂ ಆ ಭಾಗದಲ್ಲಿ ವಿವರಣೆಗೆಂದು ನಿಲ್ಲುವವರಲ್ಲ. ಆ ಪಟ್ಟಿಯಲ್ಲಿ ಎರಡು ಹೆಸರುಗಳು ವಿಚಾರಕ್ಕೆ ಅರ್ಹವಾದುವು. ಒಂದು ಪರಿಸ್ರುತ್, ಎಂದರೆ ಸೋರಿ ಇಳಿದುದು. ಇನ್ನೊಂದು ಗಂಧೋತ್ತಮಾ, ಎಂದರೆ ಗಂಧದಿಂದ ಉತ್ತಮವಾದುದು. ರುಚಿಯಿಂದ ಉತ್ತಮವಾದುದೆಂದು ನಿಘಂಟುಕಾರನು ಹೇಳಲಿಲ್ಲ. ನಾಲಗೆಗೆ ತಿಳಿಯುವ ರುಚಿಗಳು ಐದೋ ಆರೋ. ಮಿಕ್ಕುದೆಲ್ಲವೂ ಮೂಗಿನ ವ್ಯಾಪಾರ. ಇಂದು ಮದ್ಯದ ಗುಣದೋಷಗಳನ್ನು ಪರೀಕ್ಷಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವರೂ ಮೂಗನ್ನೇ ನಂಬುವರಲ್ಲದೆ ನಾಲಗೆಯನ್ನಲ್ಲ.

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರಷ್ಟೆ. ಅವುಗಳಲ್ಲಿ ಮಧುಪಾನವೂ ಒಂದು. ವ್ರತನಿಷ್ಠರಾದ ಜೈನ ಕವಿಗಳು ಕೂಡ ಕನ್ನಡದಲ್ಲಿ ಪಾನಗೋಷ್ಠಿಯನ್ನು ವರ್ಣಿಸಿದುದು ಈ ಕಟ್ಟಳೆಯಿಂದಲೇ. ಕುಡಿಯದವರಿಗೆ ಕುಡಿತದ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲವೆಂಬ ಆಕ್ಷೇಪಕ್ಕೆ ಅವರೇ ಉತ್ತರ. ಆದುದರಿಂದ ಇಂಥ ವಿಷಯವೊಂದು ಈ ಪುಟಗಳಲ್ಲಿ ಬಂದಿತೆಂದು ವಾಚಕರು ಹುಬ್ಬು ಗಂಟಿಕ್ಕಬೇಕಾಗಿಲ್ಲ.

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ವ್ಯಾಪಾರ ಮಾಡಿ ಎಪ್ಪತ್ತೊಂದು ವರ್ಷ ತುಂಬಿದ ಹಿರಿಯರೊಬ್ಬರು 2023ರ ಏಪ್ರಿಲ್ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿದ್ದ ಮಗನ ಮನೆಗೆ ಹೋಗಿದ್ದರು. ಜನ್ಮದಲ್ಲಿ ಒಂದು ತೊಟ್ಟು ಮದ್ಯವನ್ನು ಮುಟ್ಟಿದವರಲ್ಲ. ಆದರೆ ಮೂಗು ಮಾತ್ರ ಅಸಾಧಾರಣವಾದುದು. ಹುರಿದ ಬೀಜದ ಬಟ್ಟಲಿಗೆ ಬಿಸಿನೀರು ಹೊಯ್ದು, ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ ಉಗುಳಿ, ಇದು ಯಾವ ಎತ್ತರದ ತೋಟದ್ದು, ಕಣದಲ್ಲಿ ಎಷ್ಟು ದಿನ ಒಣಗಿದ್ದು, ಚೀಲದಲ್ಲಿ ನೆಂದದ್ದೋ ಅಲ್ಲವೋ ಎಂದು ಹೇಳಬಲ್ಲವರು. ಮಗನ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿಯ ಹಿಂದೆ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದ್ದ ನಾಲ್ಕು ಸೀಸೆಗಳನ್ನು ಅವರು ಬಂದ ಮರುದಿನವೇ ಕಂಡರು. ನಾಲ್ಕು ದಿನ ಏನೂ ಹೇಳಲಿಲ್ಲ. ಐದನೆಯ ದಿನ ಒಂದು ಸೀಸೆಯನ್ನು ಮೇಜಿನ ಮೇಲೆ ತಂದಿಟ್ಟು, ‘ಇದು ಎಲ್ಲಿ ಆಗುತ್ತದೆ?’ ಎಂದರು. ಸರಕಿನ ಯೋಗ್ಯತೆಯನ್ನು ಹೇಳುವುದಕ್ಕೆ ಮೊದಲು ಅದು ಹುಟ್ಟಿದ ಜಾಗವನ್ನು ನೋಡಬೇಕೆಂಬುದು ಅವರ ವ್ಯಾಪಾರದ ನಿಯಮ. ಮಗನಿಗೆ ಬೈಗುಳವಾಗಿದ್ದರೆ ಹಗುರವಾಗುತ್ತಿತ್ತು. ಈ ಪ್ರಶ್ನೆಗೆ ಆತನ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಉತ್ತರ ಕೊಟ್ಟವಳು ಸೊಸೆ. ‘ಹೋಗಿ ನೋಡಿಕೊಂಡೇ ಬರೋಣ ಮಾವಯ್ಯ. ಕಾರು ನಾನು ಓಡಿಸುತ್ತೇನೆ’ ಎಂದಳು.

ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿ ಐಲಾ ಎಂಬ ದ್ವೀಪವಿದೆ. ಕೆನಕ್ರೇಗ್ ಎಂಬಲ್ಲಿಂದ ಹಡಗು ಹತ್ತಿದರೆ ಸುಮಾರು ಎರಡು ಗಂಟೆಯ ಪ್ರಯಾಣ. ಸೌದೆಗೆ ಮರವಿಲ್ಲದ ಆ ಬಯಲುನೆಲದಲ್ಲಿ ಜನರು ಬಹುಕಾಲದಿಂದ ಉರಿಸುತ್ತ ಬಂದುದು ಪೀಟ್ ಎಂಬ ಮಣ್ಣು. ಜವುಗಿನಲ್ಲಿ ಪಾಚಿಯೂ ಕುರುಚಲು ಗಿಡಗಳೂ ಸತ್ತು ಕೊಳೆಯದೆ ಸಹಸ್ರಾರು ವರ್ಷ ಒತ್ತಿಕೊಂಡು ಕಪ್ಪಾದ ಪದಾರ್ಥವಿದು. ಒಂದು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆದರೆ ಹೆಚ್ಚು. ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಒಲೆಗೆ ಹಾಕುವರು. ಗಂಧವು ಪೃಥ್ವಿಯ ಗುಣವೆಂದು ನ್ಯಾಯಶಾಸ್ತ್ರವನ್ನು ಓದುವ ಬಾಲಕನಿಗೆ ಮೊದಲ ದಿನಗಳಲ್ಲಿಯೇ ಹೇಳಿಕೊಡುವರು. ಮಣ್ಣೇ ಉರಿದು ಅದರ ಗಂಧವು ಧಾನ್ಯದಲ್ಲಿ ಸೇರಿ, ಧಾನ್ಯದಿಂದ ದ್ರವಕ್ಕೆ ಇಳಿದು ಬರುವ ಈ ದ್ವೀಪದ ಮದ್ಯವನ್ನು ಕಂಡಿದ್ದರೆ ತಾರ್ಕಿಕರು ಇದನ್ನೊಂದು ಉದಾಹರಣೆಯಾಗಿ ಸೇರಿಸುತ್ತಿದ್ದರೋ ಏನೋ.

ದ್ವೀಪದ ಪಶ್ಚಿಮ ಭಾಗದಲ್ಲಿ, ಮಾಖಿರ್ ಕೊಲ್ಲಿಯ ಸಮೀಪದಲ್ಲಿ, ರಾಕ್‌ಸೈಡ್ ಎಂಬ ಹೊಲವಾಳಿನ ಅಂಗಳದಲ್ಲಿ 2005ರಲ್ಲಿ ಆಂಟನಿ ವಿಲ್ಸ್ ಎಂಬವರು ತಮ್ಮ ಕುಟುಂಬದೊಡನೆ ಕಟ್ಟಿದ ಭಟ್ಟಿಯ ಹೆಸರು ಕಿಲ್ಹೋಮನ್. ಆ ದ್ವೀಪದಲ್ಲಿ ಹಳೆಯ, ಹೆಸರುವಾಸಿಯಾದ ಭಟ್ಟಿಗಳು ಹಲವುಂಟು. ಆದರೆ ಹೊಸದಾಗಿ ಒಂದನ್ನು ಕಟ್ಟಿದುದು 124 ವರ್ಷಗಳಲ್ಲಿ ಇದೇ ಮೊದಲು. ಮಾಖಿರ್ ಕೊಲ್ಲಿಯ ಬಳಿಯಲ್ಲಿ 1918ರ ಅಕ್ಟೋಬರಿನಲ್ಲಿ ಒಟ್ರಾಂಟೋ ಎಂಬ ಸೈನ್ಯದ ಹಡಗು ಒಡೆದು ಸತ್ತವರ ಸಮಾಧಿಗಳು ಅಲ್ಲಿಯೇ ಹತ್ತಿರದಲ್ಲಿವೆ. ಇದೇ ಸೀಮೆಯಲ್ಲಿ ಬೀಟನ್ ಎಂಬ ವೈದ್ಯ ಮನೆತನದವರು ಭೂಮಿಯನ್ನು ಹೊಂದಿದ್ದರೆಂದೂ, ಭಟ್ಟಿಯ ವಿದ್ಯೆಯನ್ನು ಅವರೇ ಐರ್ಲೆಂಡಿನಿಂದ ತಂದರೆಂದೂ ಐತಿಹ್ಯ. ಗೇಲಿಕ್ ಭಾಷೆಯಲ್ಲಿ ಈ ಪಾನೀಯಕ್ಕೆ ಜೀವಜಲವೆಂದೇ ಹೆಸರು. ವಿಸ್ಕಿ ಎಂಬುದು ಆ ಮಾತಿನ ಸವೆದ ರೂಪ. ಮೃತ್ಯುವನ್ನು ತರಬಲ್ಲ ವಸ್ತುವಿಗೆ ಅಮೃತದ ಹೆಸರನ್ನು ಇಡುವುದು ಒಂದು ದೇಶದ ಅಭ್ಯಾಸ ಮಾತ್ರವಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಆರಂಭಿಸಿದ ಭಟ್ಟಿಗೆ ಅಮೃತ್ ಎಂದೇ ಹೆಸರಾಯಿತು. ಆ ಸಂಸ್ಥೆಯ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದುದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋವಿನಲ್ಲಿ. ಮಗನ ನಾಲ್ಕು ಸೀಸೆಗಳಲ್ಲಿ ಅದೂ ಒಂದಿತ್ತು.

ಭಟ್ಟಿಯಲ್ಲಿ ಹಿರಿಯರು ಅತ್ಯಂತ ಹೆಚ್ಚು ಹೊತ್ತು ನಿಂತುದು ಮೊಳಕೆಯ ನೆಲದ ಬಳಿಯಲ್ಲಿ. ಬಾರ್ಲಿಯನ್ನು ನೀರಿನಲ್ಲಿ ನೆನೆಹಾಕಿ, ಬಸಿದು, ಹಾಸುಗಲ್ಲಿನಂಥ ನೆಲದ ಮೇಲೆ ತೆಳ್ಳಗೆ ಹರಡಿದ್ದರು. ಒಬ್ಬ ಹುಡುಗನು ಮರದ ಹಲುಬೆಯಂಥ ಸಾಧನದಿಂದ ಅದನ್ನು ಎಳೆದಾಡುತ್ತ ಇದ್ದನು. ಹಾಗೆ ತಿರುವದಿದ್ದರೆ ಮೊಳಕೆಗಳು ಬೇರಿಗೆ ಬೇರು ಹೆಣೆದುಕೊಂಡು, ರಾಶಿ ಕಾವೇರಿ ಕೆಡುವುದು. ಮೊಳೆಯುವ ಕಾಳು ತನ್ನೊಳಗಿನ ಹಿಟ್ಟನ್ನು ಸಕ್ಕರೆಯಾಗಿ ಮಾಡಿಕೊಳ್ಳುವುದಕ್ಕೆ ಬೇಕಾದ ದ್ರವ್ಯವನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಆ ಸಕ್ಕರೆಯನ್ನು ಮೊಳಕೆಯೇ ತಿಂದುಬಿಡುವುದಕ್ಕೆ ಮೊದಲು ಬೆಳವಣಿಗೆಯನ್ನು ಕಾವಿನಿಂದ ನಿಲ್ಲಿಸಬೇಕು. ಇದರಲ್ಲಿ ಕನ್ನಡನಾಡಿನ ಗೃಹಿಣಿಯರಿಗೆ ತಿಳಿಯದುದೇನೂ ಇಲ್ಲ. ಮಗುವಿಗೆಂದು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ತಾಯಿಯು ಮಾಡುವುದು ಇದನ್ನೇ. ವೈದಿಕರ ಸೌತ್ರಾಮಣಿ ಯಾಗದಲ್ಲಿ ಸುರೆಗೆ ಮೊಳೆತ ಧಾನ್ಯವನ್ನೇ ಹೇಳಿದೆ. ಒಂದೇ ಮೊಳಕೆ ತೊಟ್ಟಿಲಿಗೂ ಹೋಗುವುದು, ಪೀಪಾಯಿಗೂ ಹೋಗುವುದು.

ಭಟ್ಟಿಯನ್ನು ತೋರಿಸುತ್ತಿದ್ದ ಯುವತಿಯು ಒಣಗಿಸಿದ ಕಾಳನ್ನು ಒಂದು ಹಿಡಿ ಕೊಟ್ಟಳು. ಹಿರಿಯರು ಒಂದೆರಡನ್ನು ಬಾಯಿಗೆ ಹಾಕಿಕೊಂಡು ಅಗಿದು, ‘ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತು ಹುರಿಹಿಟ್ಟು ತಿಂದ ಹಾಗಿದೆ’ ಎಂದರು. ಸೊಸೆ ಇದನ್ನು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಬಹಳ ಪ್ರಯಾಸಪಟ್ಟಳು.

ಮುಂದಿನ ಕ್ರಿಯೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕಾಳನ್ನು ಒಡೆದು ಬಿಸಿನೀರಿನಲ್ಲಿ ಕಲಸಿ ಸಿಹಿನೀರನ್ನು ಬಸಿಯುವರು. ಯೀಸ್ಟ್ ಹಾಕಿ ಹುದುಗಿಸುವರು. ತಾಮ್ರದ ಪಾತ್ರೆಗಳಲ್ಲಿ ಎರಡು ಬಾರಿ ಭಟ್ಟಿ ಇಳಿಸುವರು. ಎರಡನೆಯ ಬಾರಿ ಇಳಿಯುವುದರಲ್ಲಿ ಮೊದಲ ಭಾಗವನ್ನೂ ಕೊನೆಯ ಭಾಗವನ್ನೂ ಬೇರೆ ಮಾಡಿ, ನಡುವಣದನ್ನು ಮಾತ್ರ ಹಿಡಿಯುವರು. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲಿಯೇ ಭಟ್ಟಿಗಾರನ ವಿವೇಕವಿರುವುದು. ಇಷ್ಟಾದರೂ ಅದಿನ್ನೂ ವಿಸ್ಕಿಯಲ್ಲ. ಸ್ಕಾಟ್ಲೆಂಡಿನ ನೆಲದಲ್ಲಿ, ಓಕ್ ಮರದ ಪೀಪಾಯಿಯಲ್ಲಿ, ಕನಿಷ್ಠ 3 ವರ್ಷ ಕಳೆಯದೆ ಆ ಹೆಸರನ್ನು ಇಡಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಅಮೆರಿಕಾದ ಬರ್ಬನ್ ಎಂಬ ಮದ್ಯವನ್ನು ಹೊಸ ಪಾತ್ರೆಯಲ್ಲಿಯೇ ಇಡಬೇಕೆಂಬ ಆ ದೇಶದ ನಿಯಮದಿಂದ ಒಮ್ಮೆ ಬಳಸಿದ ಪೀಪಾಯಿಗಳು ಅಲ್ಲಿ ರಾಶಿ ರಾಶಿಯಾಗಿ ಉಳಿಯುವುವು. ಅವು ಸಮುದ್ರ ದಾಟಿ ಇಲ್ಲಿಗೆ ಬರುತ್ತವೆ. ಸ್ಪೇನಿನಿಂದ ಷೆರಿ ದ್ರಾಕ್ಷಾಮದ್ಯದ ಪೀಪಾಯಿಗಳು ಬರುತ್ತವೆ.

ಇಲ್ಲಿ ಹೊಸ ಭಟ್ಟಿಯವನ ಸಂಕಟವನ್ನು ವರ್ತಕರು ಕೂಡಲೇ ಹಿಡಿದರು. ‘ಮೂರು ವರ್ಷ ಅಂಗಡಿ ತೆರೆದಿರಬೇಕು, ಮಾರಲು ಸರಕಿಲ್ಲ. ಕೂಲಿ ಕೊಡಬೇಕು, ಬಾರ್ಲಿ ಕೊಳ್ಳಬೇಕು. ಈ ಮನುಷ್ಯನಿಗೆ ಸಾಲ ಕೊಟ್ಟವರು ಯಾರು?’ ಎಂದರು. 2005ರ ಡಿಸೆಂಬರಿನಲ್ಲಿ ಮೊದಲ ಪೀಪಾಯಿ ತುಂಬಿತು. 2009ರ ಸೆಪ್ಟೆಂಬರಿನಲ್ಲಿ ಮೊದಲ ಸೀಸೆ ಹೊರಬಿತ್ತು. ನೆರೆಯ ಭಟ್ಟಿಗಳವರು ಹತ್ತು ವರ್ಷದ್ದು, ಹದಿನಾರು ವರ್ಷದ್ದು ಎಂದು ಸೀಸೆಯ ಮೇಲೆ ಬರೆದುಕೊಳ್ಳುವ ಸೀಮೆಯಲ್ಲಿ ಮೂರು ವರ್ಷದ ಕೂಸನ್ನು ಎತ್ತಿಕೊಂಡು ಸಭೆಗೆ ಬರುವುದಕ್ಕೆ ಧೈರ್ಯ ಬೇಕು. ಎಳೆಯದರಲ್ಲಿಯೇ ಪಕ್ವತೆ ಕಾಣುವಂತೆ ಭಟ್ಟಿಯನ್ನೂ ಪೀಪಾಯಿಯನ್ನೂ ಹೊಂದಿಸಿಕೊಡುವುದರಲ್ಲಿ ನಿಪುಣರಾಗಿದ್ದ ಜಿಮ್ ಸ್ವಾನ್ ಎಂಬ ವಿಜ್ಞಾನಿಯ ಸಲಹೆ ಅವರಿಗೆ ದೊರೆತಿತ್ತು. ಆ ವಿದ್ವಾಂಸರು 2017ರಲ್ಲಿ ತೀರಿಕೊಂಡರು. ವಯಸ್ಸೊಂದೇ ಯೋಗ್ಯತೆಯಲ್ಲವೆಂಬುದಕ್ಕೆ ಬೆಂಗಳೂರಿನ ಭಟ್ಟಿಯೂ ಸಾಕ್ಷಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ 2ರಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ನೂರಕ್ಕೆ 10ಕ್ಕೂ ಹೆಚ್ಚು ಆವಿಯಾಗುವುದು. ಅಲ್ಲಿ ಹತ್ತು ಹನ್ನೆರಡು ವರ್ಷ ಕಾಯುವುದನ್ನು ಇಲ್ಲಿ ನಾಲ್ಕೈದು ವರ್ಷಕ್ಕೇ ತೆಗೆಯಬೇಕಾಗುತ್ತದೆ. ಹೀಗೆ ಹಾರಿಹೋದುದನ್ನು ದೇವದೂತರ ಪಾಲೆಂದು ಅವರು ಕರೆಯುವರು. ಹವಿರ್ಭಾಗವೆಂದರೂ ತಪ್ಪಾಗಲಾರದು.

ಪರೀಕ್ಷೆಯ ಕೊಠಡಿಯಲ್ಲಿ ನಾಲ್ಕು ಪುಟ್ಟ ಗಾಜಿನ ಬಟ್ಟಲುಗಳನ್ನು ಪ್ರತಿಯೊಬ್ಬರ ಮುಂದೆಯೂ ಇಟ್ಟರು. ಕೆಳಗೆ ಉಬ್ಬಿ ಮೇಲೆ ಕಿರಿದಾದ ಬಟ್ಟಲು. ಗಂಧವು ಚೆದರಿಹೋಗದಿರಲೆಂದು ಆ ಆಕಾರ. ‘ನಾನು ಮೂಸುತ್ತೇನೆ, ಕುಡಿಯುವುದಿಲ್ಲ’ ಎಂದು ಹಿರಿಯರು ಮೊದಲೇ ತಿಳಿಸಿದರು. ಯುವತಿಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಪೀಪಾಯಿಗಳನ್ನು ಆರಿಸುವವರು ದಿನವಿಡೀ ಮಾಡುವುದು ಅದನ್ನೇ ಎಂದಳು. ಕಾರು ಓಡಿಸಬೇಕಾದವರ ಪಾಲನ್ನು ಪುಟ್ಟ ಸೀಸೆಗಳಿಗೆ ತುಂಬಿಕೊಡುವ ಪದ್ಧತಿಯೂ ಅಲ್ಲಿದೆ. ಸೊಸೆಗೆ ಆ ಸೀಸೆಗಳು ಬಂದವು.

ಮೊದಲನೆಯದು ಪೀಪಾಯಿ ಕಾಣದ, ನೀರಿನಂತೆ ತಿಳಿಯಾದ ಹೊಸ ಇಳುವರಿ. ಹಿರಿಯರು ಮೂಗನ್ನು ಹತ್ತಿರ ತಂದವರು ತಟ್ಟನೆ ಹಿಂದೆ ಸರಿದು, ಮತ್ತೆ ದೂರದಿಂದ ನಿಧಾನವಾಗಿ ಮೂಸಿದರು. ಮೊದಲು ಉರಿ, ಆಮೇಲೆ ಮಾಗಿದ ಪೇರು ಹಣ್ಣು, ಹಿಂದೆ ಹಸಿ ಸೌದೆಯ ಹೊಗೆ. ‘ಎಲ್ಲವೂ ಇದೆ, ಒಂದರೊಡನೆ ಒಂದು ಇನ್ನೂ ಮಾತಾಡಿಲ್ಲ’ ಎಂದರು. ಎಳೆಯ ಮದ್ಯದ ವಿಷಯದಲ್ಲಿ ಬಲ್ಲವರು ಬರೆದ ಪುಟಗಟ್ಟಲೆಯ ವಿಮರ್ಶೆಗಿಂತ ಇದು ಹೆಚ್ಚು ನಿಷ್ಕೃಷ್ಟವಾದುದು.

ಎರಡನೆಯದು ಮಾಖಿರ್ ಕೊಲ್ಲಿಯ ಹೆಸರನ್ನೇ ಹೊತ್ತ ಸೀಸೆ. ಬಹುಪಾಲು ಬರ್ಬನ್ ಪೀಪಾಯಿಯಲ್ಲಿ, ಸ್ವಲ್ಪಭಾಗ ಷೆರಿ ಪೀಪಾಯಿಯಲ್ಲಿ ಬೆಳೆದುದು. ಇದರ ಧಾನ್ಯಕ್ಕೆ ಹೊಗೆ ಹೆಚ್ಚು. ಹೊಗೆಯ ಪ್ರಮಾಣವನ್ನು ಅದರಲ್ಲಿರುವ ಫಿನಾಲ್ ಜಾತಿಯ ದ್ರವ್ಯಗಳಿಂದ ಅಳೆಯುವರು. ಭಟ್ಟಿಯಲ್ಲಿ ತಾವೇ ಮೊಳಕೆ ಕಟ್ಟಿದ ಬಾರ್ಲಿಯಲ್ಲಿ ಅದು ಹತ್ತು ಲಕ್ಷಕ್ಕೆ 20 ಭಾಗವಿದ್ದರೆ, ಪೋರ್ಟ್ ಎಲೆನ್ ಊರಿನಿಂದ ತರಿಸಿದ ಈ ಮಾಲ್ಟಿನಲ್ಲಿ 50 ಭಾಗ. ಗ್ವಾಯಕಾಲ್ ಎಂಬುದು ಈ ಕುಲದ್ದು. ಹುರಿದ ಕಾಫಿಯ ಪರಿಮಳದಲ್ಲಿಯೂ ಅದುಂಟು. ಕ್ರೆಸಾಲ್ ಎಂಬುದೂ ಈ ಕುಲದ್ದೇ. ಆಸ್ಪತ್ರೆಯ ನೆಲವನ್ನು ತೊಳೆಯುವ ಕಪ್ಪು ಫಿನಾಯಿಲಿನಲ್ಲಿರುವುದು ಅದು.

ಹಿರಿಯರು ಬಟ್ಟಲನ್ನು ಎತ್ತಿ ಮೂಸಿ ಮೇಜಿನ ಮೇಲಿಟ್ಟರು. ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕುಳಿತರು. ಗ್ರೀನ್‌ಲೆಂಡಿಗೆ ಹೊರಡುವ ಕಾಲ ಸಮೀಪಿಸಿದ ಬಾತುಗಳು ಹೊಲದಲ್ಲಿ ಮೇಯುತ್ತಿದ್ದವು. ಮಗನು ‘ಏನಾಯಿತು ಅಪ್ಪಯ್ಯ?’ ಎಂದು ಕೇಳಿದನು.

‘ನಿನ್ನ ಚಿಕ್ಕಪ್ಪ ಇದ್ದ ವಾರ್ಡಿನ ವಾಸನೆ’ ಎಂದರು.

ಚಿಕ್ಕಪ್ಪನು ಕಾಮಾಲೆಯಿಂದ ಸತ್ತನೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳಲ್ಲ; ಕಾಮಾಲೆ ಯಾವುದರಿಂದ ಬಂತೆಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಕಾಫಿ ಲೆಕ್ಕವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ ಆ ತಮ್ಮನು ಪ್ಯಾಕೆಟ್ಟಿನ ಸಾರಾಯಿಗೆ ಬಿದ್ದುದು, ಅಂಗಡಿಯ ಪೆಟ್ಟಿಗೆಯಿಂದ ಹಣ ತೆಗೆದುದು, ಅಣ್ಣನು ಕೀಲಿಕೈ ಕಸಿದುಕೊಂಡುದು, ಇವೆಲ್ಲ 1991ಕ್ಕೆ ಹಿಂದಿನ ಮಾತು. ಆ ವರ್ಷ ಆಷಾಢದ ಒಂದು ರಾತ್ರಿ ಅವನು ಬಂದು ಬಾಗಿಲು ಬಡಿದನು. ಅಣ್ಣನು ಎಚ್ಚರವಾಗಿದ್ದರೂ ಅಗುಳಿ ತೆಗೆಯಲಿಲ್ಲ. ಬೆಳಗ್ಗೆ ನೋಡಿದಾಗ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಳೆಯಲ್ಲಿ ನೆನೆದು ಮಲಗಿದ್ದನು. ಅಲ್ಲಿಂದ ಆಸ್ಪತ್ರೆ, ಹತ್ತೊಂಬತ್ತು ದಿನ. ಬಾಗಿಲು ಬಡಿದ ಸಂಗತಿಯನ್ನು ಹಿರಿಯರು ಹೆಂಡತಿಗೂ ಹೇಳಿರಲಿಲ್ಲ. ಸಾರಾಯಿಯ ಮಾರಾಟವನ್ನು ಸರ್ಕಾರದವರು 2007ರಲ್ಲಿ ನಿಲ್ಲಿಸಿದ ದಿನ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟು ಎದ್ದು ಹೋದುದು ಏಕೆಂದು ಯಾರಿಗೂ ತಿಳಿದಿರಲಿಲ್ಲ.

ಇದನ್ನೆಲ್ಲ ಅವರು ಧ್ವನಿಯನ್ನು ಏರಿಸದೆ, ಬಟ್ಟಲುಗಳ ಮುಂದೆಯೇ ಹೇಳಿದರು. ಕನ್ನಡ ತಿಳಿಯದ ಯುವತಿಯು ಏನನ್ನೋ ಊಹಿಸಿ ಮೆಲ್ಲಗೆ ಹೊರಗೆ ಹೋದಳು. ‘ಡಬ್ಬಿಯ ಹಿಂದೆ ಇಡಬೇಡ. ಅವನೂ ಹಾಗೆಯೇ ಇಡುತ್ತಿದ್ದ’ ಎಂದರು ಮಗನಿಗೆ. ಸ್ವಲ್ಪ ತಡೆದು, ‘ನೀನು ಬಡಿದರೆ ನಾನು ತೆಗೆಯುತ್ತೇನೆ. ಆದರೆ ಬಡಿಯುವ ಹಾಗೆ ಮಾಡಿಕೊಳ್ಳಬೇಡ’ ಎಂದರು. ಮಗನು ತಲೆ ತಗ್ಗಿಸಿ, ವಾರಕ್ಕೆ ಎಷ್ಟು, ಯಾವಾಗ, ಯಾರೊಡನೆ ಎಂದು ಎಲ್ಲವನ್ನೂ ಕೇಳದೆಯೇ ಹೇಳಿದನು. ಹೇಳಿದ ಲೆಕ್ಕ ಹೆಚ್ಚಿನದಾಗಿರಲಿಲ್ಲ, ಅಡಗಿಸಿದುದೇ ಹೆಚ್ಚಾಗಿತ್ತು.

ಇಷ್ಟಾದ ಮೇಲೆ ಎದ್ದು ಹೋಗಿದ್ದರೂ ಆಗುತ್ತಿತ್ತು. ಹಿರಿಯರು ಏಳಲಿಲ್ಲ. ಎದುರಿಗಿಟ್ಟ ಮಾದರಿಯನ್ನು ನೋಡದೆ ಬಿಡುವುದು ಅವರ ವೃತ್ತಿಧರ್ಮಕ್ಕೆ ಒಪ್ಪುವುದಲ್ಲ. ಮೂರನೆಯದು ಆ ಹೊಲದಲ್ಲಿಯೇ ಬೆಳೆದು, ಅಲ್ಲಿಯೇ ಮೊಳೆತು, ಅಲ್ಲಿಯೇ ಇಳಿದು, ಅಲ್ಲಿಯೇ ಸೀಸೆಗೆ ಬಿದ್ದುದು. 2011ರಿಂದ ವರ್ಷಕ್ಕೊಮ್ಮೆ ಇದನ್ನು ತೆಗೆಯುತ್ತಾರೆ. ನೂರಕ್ಕೆ ನೂರು ಐಲಾ ಎಂದೇ ಅದರ ಹೆಸರು. ಇದರಲ್ಲಿ ಹೊಗೆ ಹಿಂದೆ ಸರಿದು ಕಾಳು ಮುಂದೆ ಬಂದಿತ್ತು. ನಿಂಬೆಯ ಸಿಪ್ಪೆ, ಹೊಸ ಹುಲ್ಲಿನ ಬಣವೆ, ಹುರಿದ ಮೊಳಕೆರಾಗಿ. ಹಿರಿಯರು ಅದನ್ನು ಮೂರು ಬಾರಿ ಎತ್ತಿ ಇಟ್ಟರು. ನಾಲ್ಕು ಹನಿ ನೀರು ಹಾಕಿಸಿ ಮತ್ತೊಮ್ಮೆ ಮೂಸಿದರು. ನೀರು ಬಿದ್ದೊಡನೆ ಅಡಗಿದ್ದ ಗಂಧಗಳು ಮೇಲೇಳುವುದನ್ನು ಕಂಡು ಅವರಿಗೆ ಸಂತೋಷವಾಯಿತು. ಹಿಂದಿನ ಕಾಲದಲ್ಲಿ ಮಲಬಾರಿನಿಂದ ಮರದ ಹಡಗಿನಲ್ಲಿ ಯೂರೋಪಿಗೆ ತಿಂಗಳುಗಟ್ಟಲೆ ಹೋಗುತ್ತಿದ್ದ ಕಾಫಿಬೀಜವು ಕಡಲ ತೇವವನ್ನು ಕುಡಿದು, ಹಳದಿಯಾಗಿ ಉಬ್ಬಿ, ಹುಳಿ ಕಳೆದುಕೊಂಡು ಬೇರೆಯೇ ರುಚಿ ಪಡೆಯುತ್ತಿದ್ದುದನ್ನೂ, ಹಡಗುಗಳು ವೇಗವಾದ ಮೇಲೆ ಅದೇ ರುಚಿಗಾಗಿ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡತೊಡಗಿದುದನ್ನೂ ಮರಳಿ ಬಂದ ಆ ಯುವತಿಗೆ ಸವಿಸ್ತಾರವಾಗಿ ಹೇಳಿಸಿದರು. ಅವಳು ಕಾಗದ ತಂದು ಬರೆದುಕೊಂಡಳು. ನಾಲ್ಕನೆಯದಾದ ಸನೈಗ್ ಎಂಬುದು ಷೆರಿ ಪೀಪಾಯಿಯದು, ಒಣದ್ರಾಕ್ಷಿ, ಕರಿಬೆಲ್ಲ. ‘ಚೆನ್ನಾಗಿದೆ, ಆದರೆ ಪೀಪಾಯಿಯೇ ಮಾತಾಡುತ್ತದೆ. ನಮ್ಮಲ್ಲಿ ಚಿಕೋರಿ ಹೆಚ್ಚು ಹಾಕಿದ ಹಾಗೆ’ ಎಂದು ತೀರ್ಮಾನ ಕೊಟ್ಟರು.

ಮಗನು ತನ್ನ ಎರಡನೆಯ ಬಟ್ಟಲನ್ನು ಮುಟ್ಟಲಿಲ್ಲ. ಮೂರನೆಯದನ್ನು ತಂದೆಯ ಎದುರಿಗೇ, ಅವರು ಹೇಳಿದ ಗಂಧಗಳನ್ನು ಒಂದೊಂದಾಗಿ ಹುಡುಕುತ್ತ, ಅರ್ಧ ಗಂಟೆ ಕುಡಿದನು.

ಹಿರಿಯರ ಮುಂದೆ ಉಳಿದ ಮೂರನೆಯ ಬಟ್ಟಲಿನದನ್ನು ಯುವತಿಯು ಪುಟ್ಟ ಸೀಸೆಗೆ ತುಂಬಿ ಅವರ ಕೈಗೇ ಕೊಟ್ಟಳು. ಗ್ಲಾಸ್ಗೋವಿಗೆ ಬಂದ ರಾತ್ರಿ ಅವರು ಕನ್ನಡಕ ಹಾಕಿಕೊಂಡು ಒಂದು ಚೀಟಿಯನ್ನು ಕತ್ತರಿಸಿ, ಕಾಫಿ ಮಾದರಿಯ ಡಬ್ಬಿಗಳಿಗೆ ಬರೆಯುವ ಕ್ರಮದಲ್ಲಿಯೇ ತಾರೀಖು, ಊರು, ಹೊಲದ ಹೆಸರು, ಕೆಳಗೆ ‘ಹೊಗೆ, ಕಾಳು, ನಿಂಬೆ. ನೆಲದ್ದೇ ಸರಕು’ ಎಂದು ಬರೆದು ಸೀಸೆಗೆ ಅಂಟಿಸಿದರು. ಅದನ್ನು ಡಬ್ಬಿಯ ಮುಂದೆ, ಚೀಟಿ ಹೊರಗೆ ಕಾಣುವಂತೆ ಇಟ್ಟರು. ಮಿಕ್ಕ ನಾಲ್ಕನ್ನೂ ಮಗನು ತಾನೇ ಮುಂದಕ್ಕೆ ತಂದಿಟ್ಟನು. ಗಾಜಿನೊಳಗೆ ಸೇರಿದ ವಿಸ್ಕಿಗೆ ಮತ್ತೆ ವಯಸ್ಸಾಗುವುದಿಲ್ಲ. ಪೀಪಾಯಿಯಲ್ಲಿ ಇದ್ದಷ್ಟೇ ಅದರ ಆಯುಸ್ಸು. ಈ ಮಾತನ್ನು ಸೊಸೆಯಿಂದ ಕೇಳಿದ ಮೇಲೆ ಹಿರಿಯರು ಬಿರಡೆಯನ್ನು ಇನ್ನೊಮ್ಮೆ ಒತ್ತಿ ನೋಡಿದರು.

ಅವರು ಚಿಕ್ಕಮಗಳೂರಿಗೆ ಹಿಂದಿರುಗಿದ ಮೇಲೆ ಭಾನುವಾರದ ದೂರವಾಣಿಯಲ್ಲಿ ಮಳೆ, ಬೆಲೆ, ಮೊಮ್ಮಗಳ ಓದು ಎಲ್ಲವೂ ಮುಗಿದು, ಇಡುವುದಕ್ಕೆ ಮುಂಚೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ.

‘ಬಿರಡೆ ಬಿಗಿಯಾಗಿದೆಯೇನೋ?’

‘ಇದೆ ಅಪ್ಪಯ್ಯ.’